ಪುಟಾಣಿಯನ್ನು ಹೊತ್ತ ಚೀಲ

ನಾನು ಒಂದು ಚೀಲ. ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ, ಶಾಲೆಯ ಮಕ್ಕಳಿಗೆ ಪಾಟೀಚೀಲ ಹೊಲಿಯುವ ರಜಿಯಾಬಿಯ ಅಂಗಡಿಯಲ್ಲಿ ಹುಟ್ಟಿದೆ. ಆ ವಾರ ನನ್ನ ಜೊತೆ ಹುಟ್ಟಿದ ಚೀಲಗಳೆಲ್ಲ ಪುಸ್ತಕ ಹೊರಲು ಹೋದವು. ನಾನೊಬ್ಬ ಮಾತ್ರ ನಾಯಿಯನ್ನು ಹೊರಲು ಹೋದೆ.

ನನ್ನನ್ನು ಹೊಲಿಸಿದವಳು ಮಂದಾಕಿನಿ, ಧಾರವಾಡದ ಒಂದು ಕಾಲೇಜಿನ ಗ್ರಂಥಪಾಲಕಿ. ಒಂದು ಕೈಯಲ್ಲಿ ವಿಮಾನದವರು ಹೇಳಿದ ಅಳತೆಯ ಚೀಟಿ, ಇನ್ನೊಂದು ಕೈಯಲ್ಲಿ ಗಿಡ್ಡ ಕಾಲಿನ, ಜೋಲುಗಿವಿಯ ಪುಟ್ಟ ನಾಯಿ. ಬಣ್ಣ ನಮ್ಮ ಕಡೆ ಪುಟಾಣಿ ಎನ್ನುವ ಹುರಿಗಡಲೆಯಂತೆ ಇದ್ದುದರಿಂದ ಅದಕ್ಕೂ ಪುಟಾಣಿ ಎಂದೇ ಹೆಸರು.

“ಇದನ್ನ ಚೀಲದಾಗ ಹಾಕ್ಕೊಂಡು ವಿಮಾನ ಹತ್ತತೀರೇನ್ರಿ ಅಕ್ಕಾರ?” ರಜಿಯಾಬಿ ನಗುತ್ತಾ ಕೇಳಿದಳು.

“ಹೌದ್ರಿ. ನಮ್ಮ ಮನಿಯವರಿಗೆ ದಿಲ್ಲಿಗೆ ವರ್ಗ ಆಗೇದ. ಸಾಮಾನು ಇಡೂ ಕಡೆ ಹಾಕಿದ್ರ ಇದು ಅಂಜಿ ಸಾಯ್ತದ. ನನ್ನ ಕಾಲ ಹತ್ರನ ಇರಬೇಕು.”

“ಹಂಗಾರ ಮೂರೂ ಕಡೆ ಜಾಳಗಿ ಹಚ್ಚತೀನಿ. ಗಾಳಿ ಆಡಬೇಕಲ್ಲ.”

ಹೀಗೆ ನನಗೆ ನೀಲಿ ಕ್ಯಾನ್ವಾಸಿನ ಮೈ, ಮೂರು ಬದಿಗೆ ಕಪ್ಪು ಜಾಳಿಗೆ, ತಳಕ್ಕೊಂದು ತೆಳು ಗಾದಿ, ಮೇಲೆ ಜಿಪ್ಪು ಬಂತು. ಪುಟಾಣಿ ಒಳಗೆ ಬಂದು ಎರಡು ಸುತ್ತು ತಿರುಗಿ ಮಲಗಿಬಿಟ್ಟಿತು. ಅದರ ಮೈಯ ಬಿಸಿ ನನ್ನ ತಳಕ್ಕೆ ತಾಗಿದಾಗ ನಾನು ಯಾತಕ್ಕಾಗಿ ಹುಟ್ಟಿದೆನೆಂದು ನನಗೆ ತಿಳಿಯಿತು.

ಮೊದಲ ಪ್ರಯಾಣ ಚೆನ್ನಾಗಿ ನೆನಪಿದೆ. ತಪಾಸಣೆಯಲ್ಲಿ ಪುಟಾಣಿಯನ್ನು ಹೊರಗೆ ತೆಗೆದು ನನ್ನೊಬ್ಬನನ್ನೇ ಯಂತ್ರದೊಳಗೆ ಕಳಿಸಿದರು. ಆಚೆ ಬಂದಾಗ ಮಂದಾಕಿನಿ ಅದನ್ನು ಎದೆಗವಚಿಕೊಂಡು ನನಗಾಗಿ ಕಾಯುತ್ತಿದ್ದಳು. ವಿಮಾನದಲ್ಲಿ ನನ್ನ ಜಾಗ ಅವಳ ಎದುರಿನ ಸೀಟಿನ ಕೆಳಗೆ. ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು ನನ್ನೊಳಗೆ ಏನೋ ಅಲುಗಾಡಿದ್ದನ್ನು ಕಂಡು ಕಾಲು ಹಿಂದೆಳೆದುಕೊಂಡರು.

“ಇದರಾಗ ನಾಯಿ ಅದ ಏನ್ರಿ? ಮನುಷ್ಯಾರು ಕೂಡೂ ಜಾಗಾದಾಗ?”

ಮಂದಾಕಿನಿ ಪುಟಾಣಿಯ ಟಿಕೀಟು ತೋರಿಸಿದಳು. ವಿಮಾನ ಮೇಲೇರುವ ಸದ್ದಿಗೆ ಪುಟಾಣಿ ನಡುಗುತ್ತಿದ್ದಾಗ ಅವಳು ಬಗ್ಗಿ, “ಆತು, ಆತು, ಇನ್ನೊಂದೀಟು” ಎನ್ನುತ್ತಲೇ ಇದ್ದಳು. ಒಂದು ತಾಸಿನ ನಂತರ ಆ ಹಿರಿಯರೇ ಅದರ ಹೆಸರು ಕೇಳಿದರು. ದಿಲ್ಲಿ ಹತ್ತಿರವಾಗುವ ಹೊತ್ತಿಗೆ ಕಿಸೆಯಿಂದ ಬಿಸ್ಕೀಟು ತೆಗೆದಿದ್ದರು. “ಕೊಡಬ್ಯಾಡ್ರಿ ಕಾಕಾ, ವಾಂತಿ ಮಾಡ್ಕೋತದ” ಎಂದು ಇವಳೇ ತಡೆಯಬೇಕಾಯಿತು.

ಹೊರಗೆ ಪ್ರಹ್ಲಾದ ಕಾಯುತ್ತಿದ್ದ. ರೈಲ್ವೆಯಲ್ಲಿ ಇಂಜಿನಿಯರು, ತೆಳ್ಳಗಿನ ಮನುಷ್ಯ, ಹೆಚ್ಚು ಮಾತಿಲ್ಲ. ಹೆಂಡತಿಯ ಪೆಟ್ಟಿಗೆ ತೆಗೆದುಕೊಳ್ಳುವ ಮೊದಲು ಅಲ್ಲೇ ನೆಲಕ್ಕೆ ಕುಳಿತು ನನ್ನ ಜಿಪ್ಪು ಸರಕ್ಕನೆ ಎಳೆದ. “ಬಂದ್ಯಾ ಪುಟ್ಯಾ? ಬಂದ್ಯಾ?” ಪುಟಾಣಿ ಕುಂಯ್‌ಗುಡುತ್ತಾ ಅವನ ಮುಖವನ್ನೆಲ್ಲ ನೆಕ್ಕಿತು. ಅವರಿಗೆ ಮಕ್ಕಳಿರಲಿಲ್ಲ. ಮದುವೆಯಾದ ಮೊದಲ ವರ್ಷ ಅಂಗೈಯಗಲದ ಮರಿಯಾಗಿ ಮನೆಗೆ ಬಂದದ್ದು ಪುಟಾಣಿ. ಅವರಿಬ್ಬರೂ ಕೂಡಿ ಬೆಳೆಸಿದ ಜೀವ ಅದೊಂದೇ.

ಅವಳ ನೌಕರಿ ಧಾರವಾಡದಲ್ಲೇ ಇದ್ದುದರಿಂದ ಎರಡು ವರ್ಷ ದೀಪಾವಳಿಗೆ, ಬೇಸಿಗೆ ರಜೆಗೆ ನಾವು ಹೀಗೆ ಹೋಗಿಬಂದೆವು. ಬರಬರುತ್ತ ದಿಲ್ಲಿಯ ಮನೆಯಲ್ಲಿ ಮಾತು ಕಡಿಮೆಯಾಯಿತು. ಅವನು ನೌಕರಿ ಬಿಟ್ಟು ಬಾ ಎಂದ. ಅವಳು ನೀವೇ ವರ್ಗ ಮಾಡಿಸಿಕೊಳ್ಳಿ ಎಂದಳು. ಯಾರೂ ಕೂಗಾಡಲಿಲ್ಲ. ಒಂದು ಬೇಸಿಗೆಯಲ್ಲಿ ಅವಳು ಬಂದ ನಾಲ್ಕನೇ ದಿನಕ್ಕೇ ಊರಿಗೆ ಹೊರಡಲು ನನ್ನನ್ನು ಕಪಾಟಿನ ಮೇಲಿನಿಂದ ಇಳಿಸಿದಳು. ಆಮೇಲೆ ಅವರು ಬೇರೆಯಾದರು. ಬಿಡುಗಡೆಯ ಕಾಗದದಲ್ಲಿ ಕೊನೆಯ ಸಾಲು ಪುಟಾಣಿಯದು: ಇಬ್ಬರ ಬಳಿಯೂ ನಾಲ್ಕು ನಾಲ್ಕು ತಿಂಗಳು.

ಅಂದಿನಿಂದ ನಾನು ಅವರ ನಡುವೆ ಓಡಾಡುವ ಚೀಲವಾದೆ. ಒಮ್ಮೆ ಅವಳು ದಿಲ್ಲಿಗೆ ತಂದು ಬಿಡುವಳು, ಮುಂದಿನ ಸಲ ಅವನು ಹುಬ್ಬಳ್ಳಿಗೆ. ವಿಮಾನ ನಿಲ್ದಾಣದ ಬಾಗಿಲಲ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ನನ್ನ ಹಿಡಿಕೆ ದಾಟುತ್ತಿತ್ತು. ಬೆರಳು ತಾಗದಂತೆ ಇಬ್ಬರೂ ಎಚ್ಚರ ವಹಿಸುತ್ತಿದ್ದರು.

“ಔಷಧ ಬಲಗಡೆ ಕಿಸೆದಾಗ ಅದ.”

“ಹೂಂ.”

“ಮೊಸರನ್ನ ತಿಂತದ. ಹಾಲು ಹಾಕಬ್ಯಾಡ್ರಿ.”

“ಗೊತ್ತದ.”

ಅಷ್ಟೇ ಮಾತು. ಕೊಟ್ಟು ತಿರುಗಿದವರು ಹಿಂದೆ ನೋಡದೆ ಹೋಗುತ್ತಿದ್ದರು. ನನ್ನ ಜಾಳಿಗೆಯಿಂದ ಪುಟಾಣಿ ಮಾತ್ರ ಅವರು ಕಾಣದಾಗುವವರೆಗೂ ನೋಡುತ್ತಿತ್ತು. ಮೊದಲ ವಾರ ಅದು ಊಟ ಬಿಡುತ್ತಿತ್ತು. ಇದು ದಿಲ್ಲಿಯಲ್ಲಿಯೂ ಹೌದು, ಧಾರವಾಡದಲ್ಲಿಯೂ ಹೌದು. ಅದನ್ನು ಒಬ್ಬರು ಇನ್ನೊಬ್ಬರಿಗೆ ಎಂದೂ ಹೇಳಲಿಲ್ಲ.

ಪುಟಾಣಿಗೆ ಹದಿಮೂರು ತುಂಬಿತು. ಮೂತಿ ಬೆಳ್ಳಗಾಯಿತು. ಒಂದು ಸಲ, ಕಳಿಸುವ ಸಮಯ ಬಂದಾಗ, ಮಂದಾಕಿನಿಗೆ ಮನಸ್ಸಾಗಲಿಲ್ಲ. ಕಾಲೇಜಿನಲ್ಲಿ ಪರೀಕ್ಷೆ, ಬಿಡುವಿಲ್ಲ ಎಂದು ಫೋನಿನಲ್ಲಿ ಹೇಳಿ ಒಂದು ತಿಂಗಳು ಹೆಚ್ಚು ಇಟ್ಟುಕೊಂಡಳು. ಪರೀಕ್ಷೆ ಇರಲಿಲ್ಲ. ಅದು ಹೇಗೋ ಪ್ರಹ್ಲಾದನಿಗೆ ಆಮೇಲೆ ತಿಳಿಯಿತು.

ಅದರ ಮುಂದಿನ ಸರದಿಗೆ ಪುಟಾಣಿ ನಿಜವಾಗಿಯೂ ಕಾಯಿಲೆ ಬಿದ್ದಿತು. ನಾಲ್ಕು ಹೆಜ್ಜೆ ನಡೆದರೆ ಕೆಮ್ಮು. ಅವಳು ನನ್ನಲ್ಲೇ ಅದನ್ನು ಡಾಕ್ಟರ ಬಳಿ ಒಯ್ದಳು. ಡಾಕ್ಟರ್ ಕಲ್ಮೇಶ ಹುಕ್ಕೇರಿ ಬಹಳ ಹೊತ್ತು ಅದರ ಎದೆಗೆ ಕೊಳವೆ ಹಚ್ಚಿ ಆಲಿಸಿದರು.

“ಹೃದಯ ದೊಡ್ಡದಾಗೇತ್ರಿ ಮೇಡಂ. ಮನ್ಯಾಗ ಆರಾಮ ಇರ್ಲಿ. ವಿಮಾನ ಮಾತ್ರ ಬ್ಯಾಡ್ರಿ.”

ಅವಳು ಪ್ರಹ್ಲಾದನಿಗೆ ಫೋನು ಮಾಡಿದಳು. ನಾನು ಅವಳ ಕಾಲ ಬಳಿಯೇ ಇದ್ದೆ, ಅವನ ದನಿ ನನಗೂ ಕೇಳಿಸಿತು.

“ಹೋದ ಸಲ ಪರೀಕ್ಷಾ ಅಂದಿ. ಈ ಸಲ ಹೃದಯ ಅಂತಿ. ಮುಂದಿನ ಸಲ ಏನು ಹೇಳ್ತಿ?”

“ಖರೇನ ಹೇಳ್ಲಿಕತ್ತೀನಿ. ಡಾಕ್ಟರು ಬರದು ಕೊಟ್ಟಾರ. ಬೇಕಾದ್ರ ನೀವ ಬಂದು ನೋಡ್ರಿ.”

“ನನಗ ರಜಾ ಇಲ್ಲ. ಆ ಡಾಕ್ಟರು ನಿನ್ನ ಗುರುತಿನವರು. ಕಳಸಲಿಲ್ಲಂದ್ರ ನಾ ಕೋರ್ಟಿಗೆ ಹೋಗತೀನಿ, ಆಮ್ಯಾಲೆ ಅದು ನಿನ್ನ ಕಡೆ ಬರೂದ ಇಲ್ಲ.”

ಮೂರನೆಯ ದಿನ ಬೇರೊಂದು ದವಾಖಾನೆಗೆ ಹೋದಳು. ಅಲ್ಲಿ ಪುಟಾಣಿಯನ್ನು ನನ್ನೊಳಗಿನಿಂದ ಹೊರಗೂ ತೆಗೆಯದೆ ಪ್ರಯಾಣಕ್ಕೆ ಅಡ್ಡಿಯಿಲ್ಲ ಎಂದು ವಿಮಾನದವರಿಗೆ ತೋರಿಸಲು ಬರೆದುಕೊಟ್ಟರು. ಮನೆಗೆ ಬಂದು ಅವಳು ಪುಟಾಣಿಯ ಮುಂದೆ ಕುಳಿತು ಅಂದಳು: “ಇದೊಂದ ಸಲ ಬಾರೋ ಕೂಸ. ಅವರು ಕಣ್ಣಾರೆ ನೋಡ್ಲಿ. ನೋಡಿದ ಮ್ಯಾಲೆ ಅವರ ಬ್ಯಾಡ ಅಂತಾರ.”

ಅಂದು ಬೆಳಗಿನ ವಿಮಾನ. ಪುಟಾಣಿ ಎಂದಿನಂತೆ ನಡುಗಲಿಲ್ಲ, ಸುಮ್ಮನೆ ಮಲಗಿತ್ತು. ಮಂದಾಕಿನಿ ಜಿಪ್ಪನ್ನು ಎರಡು ಬೆರಳಷ್ಟು ತೆರೆದು, ಬಗ್ಗಿ, ಕೈಯನ್ನು ಒಳಗಿಟ್ಟಳು. ಅದು ಅವಳ ಬೆರಳುಗಳ ಮೇಲೆ ಗದ್ದ ಊರಿತು. ಹಿಂದಿನ ಎರಡು ದಿನ ಅವಳು ಸರಿಯಾಗಿ ಮಲಗಿರಲಿಲ್ಲ. ಬಗ್ಗಿದಂತೆಯೇ, ಎದುರಿನ ಸೀಟಿಗೆ ಹಣೆಯಿಟ್ಟು, ಅವಳಿಗೆ ಜೊಂಪು ಹತ್ತಿತು.

ಅದರ ಉಸಿರು ನನ್ನ ತಳಕ್ಕೆ ತಾಗುತ್ತಿತ್ತು. ಮೊದಲು ಬೇಗಬೇಗ, ಆಮೇಲೆ ಮೆಲ್ಲಗೆ. ಅದು ಕಣ್ಣು ತೆರೆದು ಒಮ್ಮೆ ಅವಳ ಬೆರಳನ್ನು ನೆಕ್ಕಿತು, ಮತ್ತೆ ಗದ್ದ ಊರಿತು. ಒದ್ದಾಡಲಿಲ್ಲ. ಒಂದು ಉಸಿರು ಹೊರಗೆ ಹೋಯಿತು, ಇನ್ನೊಂದು ಬರುತ್ತದೆಂದು ನಾನು ಕಾದೆ. ಬರಲಿಲ್ಲ.

ಹತ್ತು ನಿಮಿಷ ಆ ವಿಮಾನದಲ್ಲಿ ಅದು ನನಗೊಬ್ಬನಿಗೇ ಗೊತ್ತಿತ್ತು. ತಿಂಡಿಯ ಗಾಡಿ ಬಂತು, ಹೋಯಿತು. ಯಾರೋ ನಕ್ಕರು. ಭಾರ ಅಷ್ಟೇ ಇತ್ತು, ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ.

ವಿಮಾನ ಇಳಿಯತೊಡಗಿದಾಗ ಮಂದಾಕಿನಿಗೆ ಎಚ್ಚರವಾಯಿತು. ಬೆರಳಾಡಿಸಿದಳು. “ಪುಟಾಣಿ” ಎಂದಳು. ಮತ್ತೊಮ್ಮೆ ಅಂದಳು. ಆಮೇಲೆ ಅವಳು ಕೂಗಿದ್ದಕ್ಕೆ ಗಗನಸಖಿ ಓಡಿಬಂದು ಮೊಣಕಾಲೂರಿ ಜಿಪ್ಪು ತೆರೆದಳು, ನೋಡಿದಳು, ಮತ್ತೆ ಮೆಲ್ಲಗೆ ಮುಚ್ಚಿದಳು. ಇಳಿಯುವವರೆಗೆ ಆ ಹುಡುಗಿ ಮಂದಾಕಿನಿಯ ಪಕ್ಕದ ಖಾಲಿ ಸೀಟಿನಲ್ಲೇ ಕುಳಿತು ಅವಳ ಕೈ ಹಿಡಿದುಕೊಂಡಿದ್ದಳು.

ಹೊರಗೆ ಪ್ರಹ್ಲಾದ ಮೊದಲ ಸಲದಂತೆಯೇ ನೆಲಕ್ಕೆ ಕುಳಿತು ಕೈ ಚಾಚಿದ.

“ತೆರೀಬ್ಯಾಡ್ರಿ” ಎಂದಳು ಅವಳು. “ನಾ ಈ ಸಲ ಸುಳ್ಳು ಹೇಳಿದ್ದಿಲ್ಲ.”

ಅವನು ತೆರೆದ. ಬಹಳ ಹೊತ್ತು ಕುಳಿತೇ ಇದ್ದ. ಜನ ಗಾಡಿ ತಳ್ಳಿಕೊಂಡು ಅವನನ್ನು ಬಳಸಿ ಹೋಗುತ್ತಿದ್ದರು.

ಮಧ್ಯಾಹ್ನ ಊರ ಹೊರಗೆ, ಸಾಕುಪ್ರಾಣಿಗಳನ್ನು ಹೂಳುವ ಜಾಗದಲ್ಲಿ, ಇಬ್ಬರೂ ಕೂಡಿ ಮಣ್ಣು ಹಾಕಿದರು. ಅವಳು ನನ್ನನ್ನು ಮುಟ್ಟಲಿಲ್ಲ. ಸಂಜೆಯ ವಿಮಾನಕ್ಕೆ ಬರಿಗೈಯಲ್ಲಿ ಹೋದಳು. ನಾನು ಅವನ ಮನೆಯ ಬಾಗಿಲ ಹಿಂದೆ ಉಳಿದೆ.

ಒಂದು ವರ್ಷದ ನಂತರ ಅವನು ನನ್ನನ್ನು ಎತ್ತಿಕೊಂಡು ಧಾರವಾಡಕ್ಕೆ ಬಂದ. ಅವಳು ಬಾಗಿಲು ತೆರೆದು, ಒಳಗೆ ಕರೆದು, ಚಹಾ ಕೊಟ್ಟಳು. ಅವನು ಲೋಟ ಹಿಡಿದುಕೊಂಡೇ ಕುಳಿತ.

“ಮಂದಾಕಿನಿ, ಅವತ್ತ ನನಗ ರಜಾ ಇತ್ತು” ಎಂದ. “ನಾ ಬರಬಹುದಿತ್ತು. ನೀನ ಬರಬೇಕು ಅಂತ ಹಟಾ ಮಾಡಿದೆ.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಡಾಕ್ಟರು ಬ್ಯಾಡ ಅಂದಿದ್ರು. ಒಯ್ದಾಕಿ ನಾನು.”

ಅವರು ಮತ್ತೆ ಒಂದಾಗುತ್ತಾರೆಂದು ನಾನು ಆಸೆಪಟ್ಟೆ. ಆಗಲಿಲ್ಲ. ಅವನು ಲೋಟ ತೊಳೆದಿಟ್ಟು, ನನ್ನನ್ನು ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದ. ಆಮೇಲೆ ಬರಲಿಲ್ಲ.

ಈಗ ನಾನು ಅವಳ ಮಲಗುವ ಕೋಣೆಯ ಮೂಲೆಯಲ್ಲಿದ್ದೇನೆ. ಜಿಪ್ಪು ತುಕ್ಕು ಹಿಡಿದಿದೆ, ನೀಲಿ ಬಣ್ಣ ಬೂದಿಯಾಗಿದೆ. ರವಿವಾರ ಕಸ ಹೊಡೆಯುವಾಗ ಅವಳು ಕೆಲವೊಮ್ಮೆ ನನ್ನ ಮುಂದೆ ಕೂಡುತ್ತಾಳೆ. ಕೂತು ಯಾವಾಗಲೂ ಒಂದೇ ಮಾತು ಕೇಳುತ್ತಾಳೆ.

“ಭಾಳ ತ್ರಾಸ ಆತೇನೋ ಅದಕ್ಕ? ನನ್ನ ಹುಡುಕಿತೇನೋ? ನಾ ಮಲಗಿಬಿಟ್ಟಿದ್ನಲ್ಲೋ.”

ಹುಡುಕಲಿಲ್ಲ ತಾಯಿ. ನೀನು ಅಲ್ಲೇ ಇದ್ದೆ ಎಂದು ಅದಕ್ಕೆ ಗೊತ್ತಿತ್ತು. ಇದನ್ನು ಕಂಡವನು ಲೋಕದಲ್ಲಿ ನಾನೊಬ್ಬನೇ. ಉಸಿರಾಡಲೆಂದು ಮೂರು ಕಡೆ ಜಾಳಿಗೆ ಹಚ್ಚಿ ಹೊಲಿದರು, ಬಾಯಿಯೊಂದನ್ನು ಕೊಡಲಿಲ್ಲ. ಅವಳು ಸ್ವಲ್ಪ ಹೊತ್ತು ಕಾಯುತ್ತಾಳೆ, ಆಮೇಲೆ ಎದ್ದು ಕಸಬರಿಗೆ ಹಿಡಿದು ಮುಂದಿನ ಕೋಣೆಗೆ ಹೋಗುತ್ತಾಳೆ.