ಎಮ್ಮೆ ಡಾಕ್ಟರಮ್ಮನ ವಿಂಚು

ಸುತ್ತಲಿನವರೆಲ್ಲ ಅವಳನ್ನು ಎಮ್ಮೆ ಡಾಕ್ಟರಮ್ಮ ಎಂದೇ ಕರೆಯುತ್ತಿದ್ದರು. ಅವಳಿಗೆ ಅದರಲ್ಲಿ ಬೇಸರವಿರಲಿಲ್ಲ. ಹದಿನಾಲ್ಕು ವರ್ಷಗಳಿಂದ ದನ, ಎಮ್ಮೆ, ಕುರಿಗಳ ಹೆರಿಗೆ ಮಾಡಿಸಿದ ಕೈ ಅದು. ಹೊಟ್ಟೆಯೊಳಗೆ ಕರು ಅಡ್ಡ ತಿರುಗಿದ್ದರೆ ಎಳೆಯುವುದೋ, ತಳ್ಳುವುದೋ, ಕೊಯ್ಯುವುದೋ ಅರ್ಧ ನಿಮಿಷದಲ್ಲಿ ತೀರ್ಮಾನಿಸುತ್ತಿದ್ದಳು. ಅಂಥವಳು ಜೀಪಿಗೆ ಒಂದು ಬಂಪರು, ಒಂದು ವಿಂಚು ಆರಿಸಲಾಗದೆ ಮೂರು ವಾರ ಒದ್ದಾಡಿದಳು.

ಆದದ್ದಿಷ್ಟು. ಮಳೆ ನಿಂತ ಮಾರನೆಯ ಮಧ್ಯಾಹ್ನ ಹಳ್ಳದಾಚೆಯ ಅಜ್ಜಿಯೊಬ್ಬಳು ಫೋನು ಮಾಡಿದಳು. ಎಮ್ಮೆ ಈಯಲಾಗದೆ ನರಳುತ್ತಿದೆ, ಬೇಗ ಬನ್ನಿ. ಡಾಕ್ಟರಮ್ಮ ಆಗಲೇ ಹೊರಟಳು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲವಿರುವ ಜೀಪು. ಹಳ್ಳದ ಕೆಸರಿನಲ್ಲಿ ನಾಲ್ಕೂ ಚಕ್ರ ಗರಗರ ತಿರುಗುತ್ತಲೇ ಹೂತುಹೋದವು. ಚೀಲ ಹೆಗಲಿಗೇರಿಸಿ ನಡೆದು ಮುಟ್ಟುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ತಾಯಿ ಉಳಿಯಿತು. ಕರು ಸತ್ತೇ ಹುಟ್ಟಿತು.

"ವಿಂಚ್ ಇದ್ದಿದ್ರೆ ಕರು ಉಳೀತಿತ್ತು ರೀ," ಎಂದಳು, ಮನೆಗೆ ಬಂದು ಕಾಲಿನ ಕೆಸರು ತೊಳೆಯುತ್ತ. ವಿಂಚು ಎಂದರೆ ಬಂಪರಿನ ಮೇಲೆ ಕೂರುವ, ಬ್ಯಾಟರಿಯಿಂದ ತಿರುಗುವ ರಾಟೆ. ಅದರ ಹಗ್ಗವನ್ನು ಮುಂದಿನ ಮರಕ್ಕೆ ಬಿಗಿದು ಗುಂಡಿ ಒತ್ತಿದರೆ ಗಾಡಿ ತನ್ನನ್ನು ತಾನೇ ಕೆಸರಿನಿಂದ ಎಳೆದುಕೊಳ್ಳುತ್ತದೆ.

ಗಂಡ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಹಾಳೆಯ ಮೇಲೆ ಗೀಟೆಳೆದು ಕೂತುಬಿಟ್ಟ. "ಗಾಡಿ ತೂಕದ ಒಂದೂವರೆ ಪಟ್ಟು ಎಳೀಬೇಕಂತೆ ಕಣೇ. ಗಾಡಿ ಬರಿದಾಗಿದ್ದಾಗಿನ ತೂಕವೋ, ತುಂಬಿದ್ದಾಗಿನ ತೂಕವೋ?"

"ನನ್ನ ಕೇಳಿದ್ರೆ?"

"ನಿನ್ನ ಗಾಡಿ ಅಲ್ವಾ?"

ಅಂಗಡಿಯಲ್ಲಿ ಬಂಪರುಗಳು ಗೋಡೆಗೊರಗಿ ಸಾಲಾಗಿ ನಿಂತಿದ್ದವು. ಒಂದನ್ನೂ ಅಲುಗಿಸಲಾಗಲಿಲ್ಲ. "ಮೇಡಂ, ಈ ದಪ್ಪ ಉಕ್ಕಿಂದು ತಗೊಳ್ಳಿ," ಎಂದ ಅಂಗಡಿಯವನು. "ಎದುರಿಗೆ ಕೋಣ ಬಂದ್ರೂ ಪೆಟ್ಟು ಕೋಣಕ್ಕೇ."

"ಕೋಣಕ್ಕೆ ಪೆಟ್ಟಾದ್ರೆ ಹೊಲಿಗೆ ಹಾಕೋಳು ನಾನೇ," ಎಂದಳು. ಅವನಿಗೆ ಅರ್ಥವಾಗಲಿಲ್ಲ.

ಗ್ಯಾರೇಜಿನ ಗಡ್ಡದ ಮೇಸ್ತ್ರಿ ಆ ದಪ್ಪ ಬಂಪರಿನ ಚಿತ್ರ ನೋಡಿ ತಲೆಯಾಡಿಸಿದ. "ಇಷ್ಟು ಭಾರ ಮೂತಿಗೆ ನೇತುಹಾಕಿದ್ರೆ ಗಾಡಿ ಮುಗ್ಗರಿಸುತ್ತೆ. ಮುಂದಿನ ಸ್ಪ್ರಿಂಗು ಬದಲಾಯಿಸ್ಬೇಕು. ಅದನ್ನ ಬದಲಾಯಿಸಿದ್ರೆ ಹಿಂದಿಂದೂ ನೋಡ್ಬೇಕು."

"ಹಾಗಾದ್ರೆ ಹಗುರದ್ದು?"

"ಹಗುರದ್ದು ಹಗುರವೇ."

ಮರದ ಡಿಪೋದಲ್ಲಿ ಲಾರಿ ಓಡಿಸುವ ಅಕ್ಕನ ಗಂಡ ತನ್ನ ಎಡಗೈ ಮುಂದೆ ಚಾಚಿ, ಮುಂಗೈಯಿಂದ ಮೊಣಕೈವರೆಗಿನ ಗಾಯದ ಗುರುತು ತೋರಿಸಿದ. "ತಂತಿ ಹಗ್ಗ ಹರಿದ್ರೆ ಹೀಗೆ. ನೈಲಾನ್ ಥರದ್ದು ತಗೋ." ಅಂಗಡಿಯವನನ್ನು ಕೇಳಿದರೆ, ಅದು ಕಲ್ಲಿಗೆ ಉಜ್ಜಿದರೆ ದಾರದಂತೆ ಕಿತ್ತುಬರುತ್ತದೆ ಎಂದ. ಇಬ್ಬರ ಮಾತೂ ನಿಜವೇ ಇರಬಹುದು ಎನ್ನಿಸಿದಾಗ ಅವಳಿಗೆ ತಲೆ ಗಿರ್ರೆಂದಿತು. ಅತ್ತ ದರಿ, ಇತ್ತ ಪುಲಿ. ನಡುವೆ ಗಂಡನ ಲೆಕ್ಕದ ಹಾಳೆ ಒಂದು ಹೋಗಿ ಹನ್ನೊಂದಾಗಿತ್ತು.

ಮೂರನೆಯ ವಾರ, ನೆಲ ಒಣಗಿದ ಮೇಲೆ, ಆ ಎಮ್ಮೆಯನ್ನು ನೋಡಿಬರಲು ಹೋದಳು. ಎಮ್ಮೆ ಚೆನ್ನಾಗಿ ಮೇಯುತ್ತಿತ್ತು. ಅಜ್ಜಿ ಕೊಟ್ಟಿಗೆಯ ಕಂಬಕ್ಕೊರಗಿ ಕೂತಿದ್ದಳು.

"ಅವತ್ತು ನಾನು ಬೇಗ ಬಂದಿದ್ರೆ ಕರು ಉಳೀತಿತ್ತು, ಅಜ್ಜಿ."

"ಎಲ್ಲಿ ಉಳೀತಿತ್ತು? ಹಿಂದಿನ ದಿನದಿಂದ್ಲೇ ಅದು ಅಲುಗಾಡ್ತಿರ್ಲಿಲ್ಲ. ಹೊಟ್ಟೆ ಮೇಲೆ ಕೈಯಿಟ್ಟು ನೋಡಿದ್ದೆ."

ಡಾಕ್ಟರಮ್ಮನ ಕೈಯಲ್ಲಿದ್ದ ಸಿರಿಂಜು ಅಲ್ಲೇ ನಿಂತಿತು. "ಮತ್ತೆ ಫೋನಲ್ಲಿ ಯಾಕೆ ಹೇಳ್ಲಿಲ್ಲ?"

"ಕರು ಸತ್ತಿದೆ ಅಂದಿದ್ರೆ ಊಟ ಮುಗಿಸ್ಕೊಂಡು ಬರ್ತಿದ್ರಿ. ನಂಗೆ ತಾಯಿ ಬೇಕಿತ್ತು."

ಮೊದಲು ಸಿಟ್ಟು ಬಂತು. ಆಮೇಲೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅದರ ಹಿಂದೆಯೇ ಮತ್ತೊಂದು ಅನುಮಾನ. ಅಜ್ಜಿ ನಿಜ ಹೇಳಿದಳೋ, ತನ್ನ ಮುಖ ನೋಡಿ ಸಮಾಧಾನಕ್ಕೆ ಅಂದಳೋ? ಆ ದಿನ ಗಡಿಬಿಡಿಯಲ್ಲಿ ಸತ್ತ ಕರುವನ್ನು ತಾನೇ ಸರಿಯಾಗಿ ನೋಡಿರಲಿಲ್ಲ. ಅಜ್ಜಿ ಆಗಲೇ ಎದ್ದು ಸಗಣಿ ಬಾಚತೊಡಗಿದ್ದಳು. ಇನ್ನು ಕೇಳಿ ಪ್ರಯೋಜನವಿರಲಿಲ್ಲ.

ವಾಪಸು ಬರುವಾಗ ಹಳ್ಳದಲ್ಲಿ ಜೀಪು ನಿಲ್ಲಿಸಿ, ಹೂತಿದ್ದ ಜಾಗದಲ್ಲಿ ನಿಂತು ನೋಡಿದಳು. ಎದುರಿಗೆ ಬೋಳು ದಿಬ್ಬ. ಹಗ್ಗ ಬಿಗಿಯಲು ಒಂದು ಪೊದೆಯೂ ಇರಲಿಲ್ಲ. ಹಿಂದೆ ಮಾತ್ರ, ವಿಂಚು ಎಳೆಯಲಾಗದ ದಿಕ್ಕಿನಲ್ಲಿ, ಎರಡು ತೋಳಿಗೂ ಸಿಗದಷ್ಟು ದಪ್ಪದ ಮರ.

ನೇರ ಗ್ಯಾರೇಜಿಗೆ ಹೋಗಿ ಮೇಸ್ತ್ರಿಗೆ ಎಲ್ಲ ಹೇಳಿಕೊಂಡಳು. "ಅವತ್ತು ವಿಂಚ್ ಇದ್ದಿದ್ರೂ ಉಪಯೋಗ ಇರ್ಲಿಲ್ಲ. ಈಗ ಅದು ಬೇಕೋ ಬೇಡವೋ ಅನ್ನೋದೂ ತಿಳೀತಿಲ್ಲ."

ಮೇಸ್ತ್ರಿ ಕೈಯೊರೆಸಿಕೊಂಡ. "ಇಲ್ಲೀವರೆಗೆ ಎಷ್ಟು ಸಲ ಹೂತಿದ್ದೀರಿ?"

ಬೆರಳು ಮಡಚಿ ಎಣಿಸಿದಳು. "ಒಂಬತ್ತು."

"ಎಷ್ಟು ಸಲ ಮುಂದೆ ಮರ ಇತ್ತು?"

ಒಂದೊಂದೇ ಜಾಗ ಕಣ್ಣಮುಂದೆ ತಂದುಕೊಂಡಳು. "ಆರು. ಐದೋ ಆರೋ."

"ಹಾಗಾದ್ರೆ ಆರಕ್ಕೆ ತಗೊಳ್ಳಿ. ಉಳಿದ ಮೂರಕ್ಕೆ ಸಲಿಕೆ ಇಟ್ಕೊಳ್ಳಿ. ಕೋಣನ್ನ ಗುದ್ದೋಕಂತೂ ಹೋಗಲ್ಲ ನೀವು, ಹಗುರದ್ದೇ ಸಾಕು."

ಹಗುರದ ಬಂಪರು, ನಾಲ್ಕು ಟನ್ ಎಳೆಯುವ ವಿಂಚು, ಭಾವ ಹೇಳಿದ ಹಗ್ಗ. ಶಾಲೆಯ ಹಿಂದಿನ ಬಯಲಿನಲ್ಲಿ ಪರೀಕ್ಷೆ ಮಾಡಿದರು. ಹಗ್ಗ ಹರಿದರೂ ಯಾರಿಗೂ ಬಡಿಯದಿರಲೆಂದು ಗಂಡ ಅದರ ಮೇಲೆ ಹಳೆಯ ಕಂಬಳಿ ಹೊದಿಸಿ, ತಾನು ಇಪ್ಪತ್ತು ಮಾರು ದೂರ ನಿಂತ. ಜೀಪು ಇಂಚಿಂಚಾಗಿ ಮುಂದೆ ಬಂತು.

"ಸರಿಯಾದ್ದನ್ನೇ ತಗೊಂಡ್ವಾ?" ಎಂದು ದೂರದಿಂದಲೇ ಕೂಗಿದ.

"ಗೊತ್ತಿಲ್ಲ ರೀ!"

ಮುಂದಿನ ಮಳೆಗಾಲದಲ್ಲಿ, ಇನ್ನೊಂದು ಎಮ್ಮೆಯ ಹೆರಿಗೆಗೆ ಹೊರಟಾಗ, ಇಟ್ಟಿಗೆ ಗೂಡಿನ ದಾರಿಯಲ್ಲಿ ಜೀಪು ಹತ್ತನೆಯ ಸಲ ಹೂತಿತು. ಮುಂದೆ ಮರವಿತ್ತು. ಆದರೂ ಹಗ್ಗ ಬಿಡಿಸಿ, ಬಿಗಿದು, ಜಾರಿಸಿ, ಮತ್ತೆ ಬಿಗಿದು ಮೇಲೆ ಬರುವಷ್ಟರಲ್ಲಿ ಒಂದು ಗಂಟೆ ಮೀರಿತು. ನಡೆದಿದ್ದರೆ ಅರ್ಧ ಗಂಟೆಯ ದಾರಿ. ಓಡೋಡಿ ಕೊಟ್ಟಿಗೆಗೆ ನುಗ್ಗಿ ಅಂಗಿಯ ತೋಳು ಮಡಚಿ ಎಮ್ಮೆಯ ಒಳಗೆ ಕೈಹಾಕಿದಳು. ಕರುವಿನ ಕಾಲು ಬೆರಳಿಗೆ ತಗುಲಿ ಚಕ್ಕನೆ ಹಿಂದಕ್ಕೆಳೆದುಕೊಂಡಿತು.

"ಎಷ್ಟು ಬೇಗ ಬಂದ್ರಿ ಡಾಕ್ಟರಮ್ಮ, ಪುಣ್ಯಾತ್ಗಿತ್ತಿ!" ಎಂದ ಎಮ್ಮೆಯ ಯಜಮಾನ.

ಬೇಗ ಬಂದೆನೇ, ತಡವಾಗಿ ಬಂದೆನೇ? ಅವಳಿಗೆ ಯಾವುದೂ ತಲೆಗೆ ಹತ್ತಲಿಲ್ಲ. "ಬಿಸಿನೀರು ತನ್ನಿ," ಎಂದಳು.