ಜೀವಕೋಶದ ಸಭೆ

ಪಂಚಾಯತಿನಿಂದ ಬಂದ ಕಾಗದವನ್ನು ಶಾಲೆಟ್ ಮೂರು ಸಲ ಓದಿದಳು. ಮೂರನೇ ಸಲವೂ ಅದರಲ್ಲಿ ಅದೇ ಇತ್ತು. "ಕಿಟ್ಟಣ್ಣ ಎಂಬವರ ಬಾವಿಯ ನೀರಿನಲ್ಲಿ ವಿಷಾಂಶ ಇದೆಯೆಂಬ ದೂರನ್ನು ಪರಿಗಣಿಸಲು ಜೀವಕೋಶವು ಬರುವ ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಸಭೆ ಸೇರುವುದು. ಜೀವಕೋಶದ ಅಧ್ಯಕ್ಷರು ಹಾಜರಿರುವರು. ಚಹಾದ ವ್ಯವಸ್ಥೆ ಇದೆ."

ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಬಂದ್ಯೋಡಿನ ಒಂದು ಟ್ಯುಟೋರಿಯಲ್‌ನಲ್ಲಿ ಪಾಠ ಹೇಳುತ್ತಿದ್ದ ಶಾಲೆಟ್ ಜೀವಕೋಶಗಳನ್ನು ಬೇಕಾದಷ್ಟು ನೋಡಿದ್ದಳು. ಅವು ಉಣ್ಣುವುದು, ಒಡೆದು ಎರಡಾಗುವುದು, ಸಾಯುವುದು ಎಲ್ಲ ಅವಳಿಗೆ ಗೊತ್ತಿತ್ತು. ಸಭೆ ಸೇರಿ ಚಹಾ ಕುಡಿಯುವುದು ಗೊತ್ತಿರಲಿಲ್ಲ.

ಗುಟ್ಟು ಬಿಡಿಸಿದವನು ಪಂಚಾಯತು ಆಫೀಸಿನ ಹರಿನಾಥ. ಊರಿನ ಮಾತು ಕನ್ನಡವಾದರೂ ರಾಜ್ಯ ಮಲೆಯಾಳದ್ದು, ಆಫೀಸಿನ ಕಾಗದಗಳೆಲ್ಲ ಮಲೆಯಾಳದಲ್ಲಿ ಹುಟ್ಟುತ್ತವೆ. ಅವನ್ನು ಕನ್ನಡಕ್ಕೆ, ಕನ್ನಡದ ಅರ್ಜಿಗಳನ್ನು ಮಲೆಯಾಳಕ್ಕೆ ಮಾಡುವ ಕೆಲಸ ಅವನದು. ಎಂಟು ವರ್ಷದಿಂದ ತಾತ್ಕಾಲಿಕ.

"ಮೂಲದಲ್ಲಿ 'ಸೆಲ್' ಅಂತ ಉಂಟು ಟೀಚರೇ. ಸಮಿತಿಯ ಹಾಗೆ ಒಂದು. ಇಂಗ್ಲಿಷ್ ಶಬ್ದ ಹಾಗೇ ಇಟ್ಟದ್ದಕ್ಕೆ ಹೋದ ವರ್ಷ ಕನ್ನಡ ಸಂಘದವರು ಬಂದು ಧರಣಿ ಕೂತಿದ್ದರು. ಅದಕ್ಕೆ ನಿಘಂಟು ತೆಗೆದೆ. ಮೊದಲನೇ ಅರ್ಥವೇ ಜೀವಕೋಶ."

"ಎರಡನೇ ಅರ್ಥ?"

"ಜೈಲಿನ ಕೋಣೆ. ಅಧ್ಯಕ್ಷರ ಹೆಸರಿನ ಹಿಂದೆ ಅದನ್ನು ಬರೆಯಲಿಕ್ಕೆ ಆಗ್ತದಾ, ನೀವೇ ಹೇಳಿ."

ಹಾಗೆ ಎರಡು ಸಾವಿರದ ಹದಿನಾಲ್ಕನೇ ಇಸವಿಯ ಫೆಬ್ರವರಿಯಲ್ಲಿ ಆ ಊರಿನ ನೀರನ್ನು ಕಾಯುವ ಹೊಣೆ ಹದಿನಾಲ್ಕು ಮಂದಿಯ ಒಂದು ಜೀವಕೋಶದ ಮೇಲೆ ಬಿತ್ತು.

ದೂರು ಕೊಟ್ಟವಳು ಶಾಲೆಟ್‌ಳ ನೆರೆಮನೆಯ ದಮಯಂತಿ, ಕಿಟ್ಟಣ್ಣನ ಹೆಂಡತಿ. ಅವರ ಮನೆಯ ಮೇಲಿನ ಗುಡ್ಡದಲ್ಲಿ ದುಬಾಯಿಯಿಂದ ಬಂದ ಧನರಾಜ್ ಒಂದು ಶೆಡ್ಡು ಕಟ್ಟಿದ್ದ. ಹಳೇ ಕಾರು, ಲಾರಿಗಳ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡು. ಒಳಗಿನ ಆಸಿಡ್ಡು ಹಿಂದಿನ ಗುಂಡಿಗೆ, ಗುಂಡಿಯಿಂದ ಮಣ್ಣಿಗೆ. ಅಲ್ಲಿಂದ ಎಲ್ಲಿಗೆ ಎಂದು ಧನರಾಜನೂ ಕೇಳಲಿಲ್ಲ, ಮಣ್ಣೂ ಹೇಳಲಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಕಿಟ್ಟಣ್ಣನ ಬಾವಿಯ ನೀರು ಬಾಯಲ್ಲಿ ಆಣಿ ಇಟ್ಟುಕೊಂಡ ಹಾಗೆ ರುಚಿಸತೊಡಗಿತು. ಒಂದು ಲ್ಯಾಬಿಗೆ ಕಳಿಸಿದ್ದಾಯಿತು. ಅವರು ಉಪ್ಪು ನೋಡಿದರು, ರೋಗಾಣು ನೋಡಿದರು. ರೋಗಾಣು ಒಂದೂ ಇಲ್ಲ, ನೀರು ಕುಡಿಯಲು ಯೋಗ್ಯ ಎಂದು ಮೊಹರು ಒತ್ತಿದರು. ರೋಗಾಣುವಿಗೂ ಬದುಕಲಾಗದ ನೀರು ಅದು ಎಂದು ಬರೆಯಲು ಆ ಫಾರಮಿನಲ್ಲಿ ಜಾಗ ಇರಲಿಲ್ಲ.

ದಮಯಂತಿಗೆ ಇಷ್ಟು ಗಡಿಬಿಡಿ ಮಗಳು ಕ್ಷಮಾಳಿಂದಾಗಿ. ಬಾಯಾರು ಎಂಬ ಊರಿನ ಗಂಡನ ಮನೆಯಲ್ಲಿ ಅವಳಿಗೆ ಬಯಕೆಯ ಶಾಸ್ತ್ರ ಮುಗಿದಿತ್ತು. ಚೊಚ್ಚಲ ಹೆರಿಗೆಗೆ ಮಾರ್ಚಿ ಮೊದಲ ವಾರ ತಾಯಿಮನೆಗೆ ಬರುವವಳು.

"ಬಾ ಅಂತ ಹೇಳುವುದಾ, ಬೇಡ ಅಂತ ಹೇಳುವುದಾ, ಅಷ್ಟು ಗೊತ್ತಾದರೆ ಸಾಕು ಮಗಾ," ಎಂದಿದ್ದಳು ದಮಯಂತಿ. "ಬರಬೇಡ ಅಂತ ತಾಯಿ ಹೇಗೆ ಹೇಳುವುದು?"

ಶಾಲೆಟ್ ಮಾತು ಕಡಿಮೆಯವಳು. ಯಾರಾದರೂ ಏನಾದರೂ ಕೇಳಿದರೆ ಉತ್ತರ ಅವಳ ಒಳಗೆ ಇಳಿದು, ಅಲ್ಲಿ ಕೂತು, ಕೇಳಿದವರು ಎದ್ದು ಹೋದ ಮೇಲೆ ಹೊರಗೆ ಬರುವುದು. ಆ ದಿನ ಉತ್ತರಕ್ಕೆ ಬದಲು ಅಂಗಡಿಗೆ ಹೋಗಿ ಒಂದೂವರೆ ಕಿಲೋ ನೀರುಳ್ಳಿ ತಂದಳು. ಒಂಬತ್ತನ್ನು ಕಿಟ್ಟಣ್ಣನ ಬಾವಿ ನೀರಿನ ಒಂಬತ್ತು ಗ್ಲಾಸುಗಳ ಮೇಲೆ ಕೂರಿಸಿದಳು, ಬುಡ ಮಾತ್ರ ನೀರಿಗೆ ತಾಗುವ ಹಾಗೆ. ಇನ್ನು ಒಂಬತ್ತನ್ನು ಪಂಚಾಯತು ಆಫೀಸಿನ ಬಾವಿ ನೀರಿನ ಮೇಲೆ. ನಾಲ್ಕನೇ ದಿನ ಆಫೀಸಿನ ನೀರಿನವು ಮುದುಕನ ಗಡ್ಡದ ಹಾಗೆ ಬೆಳ್ಳಗೆ ಬೇರು ಬಿಟ್ಟಿದ್ದವು. ಕಿಟ್ಟಣ್ಣನ ನೀರಿನವು ಅಕ್ಕಿಕಾಳಿನಷ್ಟು ಚಾಚಿ, ತುದಿ ಕಂದಾಗಿ, ಅಲ್ಲೇ ನಿಂತಿದ್ದವು.

ತುದಿಯನ್ನು ಕತ್ತರಿಸಿ, ಬಣ್ಣ ಹಾಕಿ, ಟ್ಯುಟೋರಿಯಲ್‌ನ ಹಳೇ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವಳಿಗೆ ಒಂದು ವಿಚಿತ್ರ ಗೌರವ ಹುಟ್ಟಿತು. ಜೀವಕೋಶಕ್ಕೆ ಕಣ್ಣಿಲ್ಲ, ಮೂಗಿಲ್ಲ, ಆಫೀಸಿಲ್ಲ. ಆದರೂ ಸೀಸ ಗೋಡೆ ದಾಟಿ ಒಳಗೆ ಬಂದದ್ದು ಅದಕ್ಕೆ ಬಹಳ ಬೇಗ ತಿಳಿಯುತ್ತದೆ. ತಿಳಿದ ಕೂಡಲೇ ಪುಟ್ಟ ಸರಪಣಿಗಳನ್ನು ತಯಾರಿಸಿ ವಿಷವನ್ನು ಕಟ್ಟಿಹಾಕಿ ಒಂದು ಮೂಲೆಯ ಚೀಲಕ್ಕೆ ದೂಡುತ್ತದೆ. ಒಡೆದು ಎರಡಾಗುವುದನ್ನು ನಿಲ್ಲಿಸುತ್ತದೆ, ಕೆಟ್ಟದ್ದನ್ನು ಮಕ್ಕಳಿಗೆ ದಾಟಿಸಬಾರದಲ್ಲ. ತುಂಡಾದ ಎಳೆಗಳನ್ನು ರಿಪೇರಿ ಮಾಡುತ್ತದೆ. ರಿಪೇರಿ ಆಗದೆ ಹೋದರೆ, ಪಕ್ಕದವರಿಗೆ ತೊಂದರೆಯಾಗದ ಹಾಗೆ ತಾನೇ ಅಚ್ಚುಕಟ್ಟಾಗಿ ಸಾಯುತ್ತದೆ. ಯಾರಿಗೂ ಅರ್ಜಿ ಹಾಕುವುದಿಲ್ಲ.

ಬುಧವಾರ ಇನ್ನೊಂದು ಜಾತಿಯ ಜೀವಕೋಶವನ್ನು ಅವಳು ನೋಡಿದಳು. ಹನ್ನೊಂದಕ್ಕೆ ಸೇರಬೇಕಾದದ್ದು ಹನ್ನೆರಡೂಕಾಲಿಗೆ ಸೇರಿತು. ನಡುವೆ ಅಧ್ಯಕ್ಷ ಈಶ್ವರಪ್ರಸಾದ, ಬಲಕ್ಕೆ ವಿಶೇಷ ಆಹ್ವಾನಿತನಾಗಿ ಧನರಾಜ್, ಕುಡಿಯಲು ತನ್ನದೇ ಬಾಟಲಿ ನೀರು ತಂದುಕೊಂಡು. ಕಿಟ್ಟಣ್ಣನಿಗೆ ಕುರ್ಚಿ ಸಿಕ್ಕದೆ ಬಾಗಿಲಿಗೆ ಒರಗಿ ನಿಂತಿದ್ದ.

ಶಾಲೆಟ್ ನೀರುಳ್ಳಿ ಕೂತ ಎರಡು ಗ್ಲಾಸುಗಳನ್ನು ಮೇಜಿನ ಮೇಲಿಟ್ಟಳು. ಈಶ್ವರಪ್ರಸಾದ ಕನ್ನಡಕ ಏರಿಸಿದರು.

"ಇದು ಎಂತ, ಸಾಂಬಾರಿಗಾ?"

"ನೀರಿನ ಪರೀಕ್ಷೆ ಸರ್. ಇದು ನಿಮ್ಮ ಆಫೀಸಿನ ನೀರು. ಇದು ಕಿಟ್ಟಣ್ಣನ ಬಾವಿಯದು. ಬೇರು ನೋಡಿ."

"ಬೇರು ಬಿಡದಿದ್ದರೆ ಅದು ನೀರುಳ್ಳಿಯ ಸೋಮಾರಿತನ ಯಾಕೆ ಆಗಿರಬಾರದು?"

"ಒಂಬತ್ತಕ್ಕೂ ಒಟ್ಟಿಗೆ ಸೋಮಾರಿತನ ಬರ್ತದಾ ಸರ್?"

"ಇಲ್ಲಿ ಹದಿನಾಲ್ಕು ಜನಕ್ಕೆ ಒಟ್ಟಿಗೆ ಬರ್ತದಲ್ಲ, ನೀರುಳ್ಳಿಗೆ ಬರಬಾರದಾ," ಎಂದ ಬಾಗಿಲಿನಿಂದ ಕಿಟ್ಟಣ್ಣ.

"ಕಿಟ್ಟಣ್ಣ, ನಿಮಗೆ ಮಾತಾಡುವ ಸರದಿ ಅಜೆಂಡಾದಲ್ಲಿ ಇಲ್ಲ," ಎಂದರು ಅಧ್ಯಕ್ಷರು.

ಧನರಾಜ್ ನಕ್ಕ. "ಬಿಡಿ ಸರ್, ನಮ್ಮ ಕಿಟ್ಟಣ್ಣನೇ. ಅಲ್ಲ ಟೀಚರ್, ಮನುಷ್ಯರು ಎಂತ ನೀರುಳ್ಳಿಯಾ?"

"ಕೋಶದ ಮಟ್ಟದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ," ಎಂಬ ಉತ್ತರ ಶಾಲೆಟ್‌ಳ ಒಳಗೆ ಇಳಿದು ಕೂತಿತು. ಅದು ಹೊರಗೆ ಬರುವಷ್ಟರಲ್ಲಿ ಚಹಾ ಬಂತು, ತಿನ್ನಲು ಸುಖಿಯನ್ ಬಂತು, ನಿರ್ಣಯವೂ ಬಂತು. ವಿಷಯ ಗಂಭೀರವಾದ್ದರಿಂದ ಜೀವಕೋಶವನ್ನು ಎರಡಾಗಿ ವಿಭಜಿಸುವುದು: ನೀರಿನ ಉಪಕೋಶ, ನೀರುಳ್ಳಿಯ ಉಪಕೋಶ. ಎರಡೂ ಮೂರು ತಿಂಗಳಲ್ಲಿ ವರದಿ ಕೊಡುವುದು. ಟೀಚರ್ ಲಿಖಿತವಾಗಿ ತಮ್ಮ ಅಭಿಪ್ರಾಯ ಕೊಡುವುದು. ಟೀಚರ್ ಮೌನವಾಗಿದ್ದರು, ಮಿನಿಟ್ಸಿನಲ್ಲಿ ಅದು "ಟೀಚರ್ ಸಂತೋಷದಿಂದ ಒಪ್ಪಿದರು" ಎಂದಾಯಿತು.

ವಿಷ ಕಂಡರೆ ಬೇರಿನ ಕೋಶ ವಿಭಜನೆ ನಿಲ್ಲಿಸುತ್ತದೆ. ಈ ಕೋಶ ಈಗ ಶುರು ಮಾಡಿದೆ, ಎಂದು ಬಸ್ಸಿನಲ್ಲಿ ಅವಳಿಗೆ ಹೊಳೆಯಿತು. ಪಕ್ಕದಲ್ಲಿ ಕೂತ ದಮಯಂತಿ ಬೆರಳು ಮಡಚಿ ಎಣಿಸುತ್ತಿದ್ದಳು. ಮೂರು ತಿಂಗಳಿಗೆ ಮಗು ಹುಟ್ಟಿ ನಾಮಕರಣವೂ ಆಗಿರುತ್ತದೆ.

ಆ ಸಂಜೆಯೇ ಶಾಲೆಟ್ ವರದಿ ಬರೆದಳು. ನೇರವಾಗಿ, ಪಾಠದ ನೋಟ್ಸಿನ ಹಾಗೆ: "ಕಿಟ್ಟಣ್ಣನವರ ಬಾವಿ ನೀರಿನಲ್ಲಿ ಜೀವಕೋಶದ ಕೆಲಸ ನಿಂತಿದೆ. ಹೆಚ್ಚಿನ ಭಾಗ ಸತ್ತಿದೆ. ಉಳಿದದ್ದು ಕೊಳೆಯುತ್ತಿದೆ. ಸೀಸದ ಪರೀಕ್ಷೆ ಕೂಡಲೇ ಆಗಬೇಕು." ಹರಿನಾಥ ಅದನ್ನು ಮಲೆಯಾಳಕ್ಕೆ ಮಾಡಿದ. ಒಂದೇ ಕಡತದಲ್ಲಿ ಒಂದು ಶಬ್ದಕ್ಕೆ ಎರಡು ಅರ್ಥ ಇರಬಾರದೆಂದು ಹಿಂದೊಮ್ಮೆ ಆಡಿಟಿನವರು ಅವನಿಗೆ ಬೈದಿದ್ದರು. ಆದ್ದರಿಂದ ಜೀವಕೋಶ ಎಂದಿದ್ದಲ್ಲೆಲ್ಲ ನಿಯತ್ತಾಗಿ ಸೆಲ್ ಎಂದು ಬರೆದು, ಸಮಿತಿ ನೀರಿನಲ್ಲಿರುವುದು ಸರಿಯಾಗದೆಂದು 'ನೀರಿನಲ್ಲಿ' ಎಂಬುದನ್ನು 'ವಿಷಯದಲ್ಲಿ' ಎಂದು ತಿದ್ದಿ, ಮೇಲಿನ ಕಚೇರಿಗೆ ಕಳಿಸಿದ.

ಮೇಲಿನವರು ಓದಿದ್ದು ಹೀಗೆ: ಕಿಟ್ಟಣ್ಣನ ಬಾವಿಯ ವಿಷಯದಲ್ಲಿ ಸೆಲ್‌ನ ಕೆಲಸ ನಿಂತಿದೆ. ಹೆಚ್ಚಿನ ಭಾಗ ಸತ್ತಿದೆ. ಉಳಿದದ್ದು ಕೊಳೆಯುತ್ತಿದೆ.

ಎರಡು ವರ್ಷ ಸೀಸಕ್ಕೆ ಅಲುಗದವರು ಇದಕ್ಕೆ ಮೂರು ದಿನದಲ್ಲಿ ಅಲುಗಿದರು. ಶನಿವಾರ ಕಿಟ್ಟಣ್ಣನ ಅಂಗಳದಲ್ಲಿ ಎರಡು ಜೀಪು. ಮೇಲಿನವರು ಬಾವಿಗೆ ಬಗ್ಗಿ ನೋಡಿದರು. ಈಶ್ವರಪ್ರಸಾದ ಅವರ ಹಿಂದೆ ಹಿಂದೆ, ತಾವು ಸತ್ತಿಲ್ಲವೆಂದು ತೋರಿಸಲು ಆಗಾಗ ಕೆಮ್ಮುತ್ತ ನಡೆದರು. ಸೋಮವಾರದಿಂದ ಕುಂಜತ್ತೂರಿನ ಕಡೆಯಿಂದ ನೀರಿನ ಟ್ಯಾಂಕರ್ ಬರತೊಡಗಿತು. ಅದರ ಮುಂದೆ ಬ್ಯಾನರು: "ಜೀವಕೋಶದ ಕೊಡುಗೆ". ಬಾವಿಯ ನೀರನ್ನು ಮಾತ್ರ ಯಾರೂ ಕೊಂಡುಹೋಗಲಿಲ್ಲ. ಶೆಡ್ಡಿನ ಹೊಗೆಯೂ ನಿಲ್ಲಲಿಲ್ಲ.

ಶಾಲೆಟ್ ಟ್ಯಾಂಕರಿನ ನೀರಿನ ಮೇಲೂ ನೀರುಳ್ಳಿ ಕೂರಿಸಿದಳು. ನಾಲ್ಕನೇ ದಿನಕ್ಕೆ ಬೆಳ್ಳನೆಯ ಬೇರು, ಬೆರಳಿನ ಗೆಣ್ಣಿನುದ್ದ. ದಮಯಂತಿ ಅದನ್ನು ದೇವರ ಫೋಟೋದ ಪಕ್ಕದಲ್ಲೇ ಇಟ್ಟಳು.

ಮರುದಿನ ಮಧ್ಯಾಹ್ನ ಹರಿನಾಥ ಬೈಕಿನಲ್ಲಿ ಬಂದ. ಶಾಲೆಟ್ ಕಿಟ್ಟಣ್ಣನ ಜಗಲಿಯಲ್ಲೇ ಇದ್ದಳು. ಅವನ ಕೈಯಲ್ಲಿ ಟೈಪು ಮಾಡಿದ ಒಂದು ಹಾಳೆ.

"ಅಧ್ಯಕ್ಷರಿಗೆ ಮೇಲಿನಿಂದ ನೋಟೀಸು ಬಂದಿದೆ ಟೀಚರೇ. ನೀವು ಇದಕ್ಕೆ ಸೈನ್ ಮಾಡಬೇಕಂತೆ. 'ಜೀವಕೋಶವು ಪೂರ್ಣವಾಗಿ ಕೆಲಸ ಮಾಡುತ್ತಿದೆ, ನನ್ನ ಹಿಂದಿನ ವರದಿ ತಪ್ಪು.' ಇಲ್ಲದಿದ್ದರೆ ಟ್ಯಾಂಕರ್ ನಾಳೆಗೆ ಬಂದ್."

"ಸೈನ್ ಮಾಡಿದರೆ?"

ಹರಿನಾಥ ತಲೆ ಕೆರೆದುಕೊಂಡ. "ವರದಿ ತಪ್ಪಾದರೆ ಬಾವಿ ಸರಿ ಉಂಟು ಅಂತ ಆಗ್ತದೆ. ಬಾವಿ ಸರಿ ಇದ್ದರೆ ಟ್ಯಾಂಕರ್ ಯಾಕೆ ಅಂತ ಕೇಳ್ತಾರೆ. ಆದರೆ ಅದು ಮುಂದಿನ ಮೀಟಿಂಗಿನಲ್ಲಿ. ಹದಿನೈದು ದಿನ ಸಿಗ್ತದೆ."

"ನಿನ್ನ ಬುದ್ಧಿಗೆ ಸರ್ಕಾರ ಇನ್ನೂ ಪರ್ಮನೆಂಟ್ ಮಾಡಲಿಲ್ಲವಲ್ಲ ಮಾರಾಯ," ಎಂದ ಕಿಟ್ಟಣ್ಣ.

ದಮಯಂತಿ ಅಂಗಳದಲ್ಲಿ ಕೊಡಪಾನ ಉಜ್ಜುತ್ತಿದ್ದಳು. ಅವಳು ಸೈನ್ ಮಾಡು ಎನ್ನಲಿಲ್ಲ, ಬೇಡವೆನ್ನಲಿಲ್ಲ. ಉಜ್ಜಿ ಬೆಳ್ಳಗಾಗಿದ್ದ ಅದೇ ಕೊಡಪಾನವನ್ನು ಮತ್ತೆ ಉಜ್ಜಿದಳು. ಶಾಲೆಟ್ ಆ ಸದ್ದನ್ನೇ ಕೇಳುತ್ತ ಕೂತಳು. ತನ್ನ ಮೌನವನ್ನು ಇವರು ಒಪ್ಪಿಗೆ ಮಾಡಿದರು. ಈ ಹೆಂಗಸಿನದನ್ನು ಎಂತ ಮಾಡುತ್ತಾರೋ. ಕ್ಷಮಾ ಬರುವುದು ಆದಿತ್ಯವಾರ.

ಅವಳು ಹಾಳೆಯನ್ನು ಮಗುಚಿ, ಹಿಂದಿನ ಖಾಲಿ ಬದಿಯಲ್ಲಿ ಪೆನ್ನಿನಿಂದ ಎರಡು ವಾಕ್ಯ ಬರೆದು, ಸೈನ್ ಮಾಡಿ ಕೊಟ್ಟಳು. "ಟ್ಯಾಂಕರ್ ನೀರಿನಲ್ಲಿ ಜೀವಕೋಶ ಚೆನ್ನಾಗಿ ಕೆಲಸ ಮಾಡುತ್ತಿದೆ. ಕಿಟ್ಟಣ್ಣನವರ ಬಾವಿಯ ನೀರಿನಲ್ಲಿ ಜೀವಕೋಶ ಸತ್ತಿದೆ."

ಮೊದಲನೇ ವಾಕ್ಯಕ್ಕೆ ಹರಿನಾಥನ ಮುಖ ಅರಳಿತು. ಎರಡನೆಯದಕ್ಕೆ ಅವನು ಜಗಲಿಯ ತುದಿಗೆ ಕೂತೇಬಿಟ್ಟ.

"ಇದನ್ನು ಮಲೆಯಾಳಕ್ಕೆ ಮಾಡಿದರೆ ಎಂತ ಆಗ್ತದೆ ಗೊತ್ತುಂಟಾ? ಸೆಲ್ ಬಾವಿ ನೀರಿನಲ್ಲಿ ಸತ್ತಿದೆ ಅಂತ ಆಗ್ತದೆ. ಅಧ್ಯಕ್ಷರು ಸೇರಿ ಹದಿನಾಲ್ಕು ಜನ. ಪೊಲೀಸರು ಬರ್ತಾರೆ ಟೀಚರೇ. ಬಾವಿಗೆ ಇಳೀತಾರೆ, ನೀರು ಪರೀಕ್ಷೆಗೆ ಕೊಂಡುಹೋಗ್ತಾರೆ."

"ಇಳಿಯಲಿ," ಎಂದಳು ಶಾಲೆಟ್. ಈ ಸಲ ಉತ್ತರ ಒಳಗೆ ಕೂರಲಿಲ್ಲ.

"ಅಲ್ಲಿ ಹೆಣ ಇಲ್ಲ ಅಂತ ಅವರಿಗೆ ಗೊತ್ತಾಗುವುದಕ್ಕೆ..."

"ಅದಕ್ಕೂ ಒಂದು ಸೆಲ್ ಆಗಬೇಕು," ಎಂದ ಕಿಟ್ಟಣ್ಣ. "ಹೆಣದ ಉಪಕೋಶ. ಮೂರು ತಿಂಗಳು."

ಕೊಡಪಾನದ ಸದ್ದು ನಿಂತಿತು. ದಮಯಂತಿ ಸೆರಗಿಗೆ ಕೈ ಒರೆಸುತ್ತ ಎದ್ದುಬಂದಳು.

"ಅಲ್ಲ ಹರಿನಾಥಣ್ಣ, ಹೆಣ ಬಿದ್ದ ಬಾವಿ ಅಂತ ಕಾಗದದಲ್ಲಿ ಇದ್ದರೆ, ಆ ನೀರು ಕುಡಿಯಿರಿ ಅಂತ ಯಾರಾದರೂ ಹೇಳ್ತಾರಾ?"

"ಹೇಳಲಿಕ್ಕೆ ಆಗುವುದಿಲ್ಲ ದಮಯಂತಕ್ಕ."

"ಟ್ಯಾಂಕರ್ ನಿಲ್ಲಿಸ್ತಾರಾ?"

ಹರಿನಾಥ ಹಾಳೆಯನ್ನು ಇನ್ನೊಮ್ಮೆ ಓದಿದ. ಎಂಟು ವರ್ಷದಲ್ಲಿ ಅವನ ಅನುವಾದವನ್ನು ಯಾರೂ ಇಷ್ಟು ನಂಬಿರಲಿಲ್ಲ. ಕಿಸೆಯಿಂದ ಪೆನ್ನು ತೆಗೆದ.

"ಶಬ್ದಕ್ಕೆ ಶಬ್ದ ಮಾಡುವುದಾ ಟೀಚರೇ?"

"ಶಬ್ದಕ್ಕೆ ಶಬ್ದ."

ಅಷ್ಟರಲ್ಲಿ ದಮಯಂತಿ ಒಳಗೆ ಹೋಗಿ ಬಾಯಾರಿಗೆ ಫೋನು ಹಚ್ಚಿದ್ದಳು. "ಆದಿತ್ಯವಾರ ಬಾ ಮಗಾ," ಎನ್ನುವುದು ಜಗಲಿಗೆ ಕೇಳಿತು. "ನೀರು ಉಂಟು. ಅಂಗಳದಲ್ಲಿ ಪೊಲೀಸರು ಇದ್ದರೆ ಹೆದರಬೇಡ, ಅವರು ಬಾವಿ ನೋಡಲಿಕ್ಕೆ ಬಂದವರು."