ಮೂರನೆಯ ದಿನದ ಟೀ

ವಮೈಥಾಳಿಗೆ ಟೀಯಲ್ಲಿ ದೇವರು ಕಾಣುತ್ತಾನೆ ಎಂಬುದು ಕಂಗೆಮಾದ ಆ ಗುಡ್ಡದ ಸಾಲಿನಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ನಗಬೇಡಿ. ಬೇರೆಯವರಿಗೆ ಕನಸಿನಲ್ಲಿ ಕಾಣುವವನು ಇವಳಿಗೆ ಪಾತ್ರೆಯ ತಳದಲ್ಲಿ ಕಂಡರೆ ಯಾರ ಗಂಟೇನು ಹೋಯಿತು? ಟೀ ಉಕ್ಕುವ ಹೊತ್ತಿಗೆ ಸರಿಯಾಗಿ ಸೌದೆ ಹಿಂದಕ್ಕೆಳೆದರೆ, 'ನಾವು ಚೆಲ್ಲಿಹೋಗುವ ಮೊದಲೇ ಕರ್ತನೂ ಹೀಗೇ ಉರಿ ತಗ್ಗಿಸುತ್ತಾನೆ' ಎನ್ನುವಳು. ಗಂಡ ಕಿರಾಗು ಸೋಸದ ಟೀ ಕುಡಿದು ಕೆಮ್ಮಿದರೆ ಅದರಲ್ಲೂ ಅವಳಿಗೊಂದು ವಚನ ಸಿಗುತ್ತಿತ್ತು. ಎಲ್ಲವನ್ನೂ ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಗುರುವಾರದ ಮಹಿಳಾ ಕೂಟದಲ್ಲಿ ಹೇಳುತ್ತಿದ್ದಳು. ಪಾದ್ರಿಯ ಪ್ರಸಂಗಕ್ಕೆ ತೂಕಡಿಸುವ ಹೆಂಗಸರು ಇವಳ ಮಾತಿಗೆ ಕಣ್ಣೊರೆಸಿಕೊಳ್ಳುತ್ತಿದ್ದರು.

ಅಂಥವಳ ಮನೆಯಲ್ಲಿ, ಅಂಥವಳ ಕೈಯ ಟೀಯನ್ನು ಮಗಳು ಗಥೋನಿ ಮುಟ್ಟದೆ ಮೂರು ವಾರವಾಗಿತ್ತು. ಆ ಊರಿನಲ್ಲಿ ಮನೆಯವರೇ ಟೀ ಬೇಡವೆಂದರೆ ಹೊಟ್ಟೆ ತುಂಬಿದೆ ಎಂದಲ್ಲ, ಮನಸ್ಸು ಮುರಿದಿದೆ ಎಂದು. ವಮೈಥಾ ಬೆಳಿಗ್ಗೆ ಬಟ್ಟಲು ತುಂಬಿಸಿ ಕಿಟಕಿಯ ಕಟ್ಟೆಯ ಮೇಲಿಡುವಳು. ಗಥೋನಿ ತಣ್ಣೀರು ಕುಡಿದು, ತಾನು ಕಲಿಸುವ ಪ್ರಾಥಮಿಕ ಶಾಲೆಗೆ ನಡೆದುಬಿಡುವಳು. ಮಧ್ಯಾಹ್ನದ ಹೊತ್ತಿಗೆ ಬಟ್ಟಲಿನ ಮೇಲೆ ಹಾಲಿನ ಕೆನೆ ಕಟ್ಟಿರುತ್ತಿತ್ತು.

ಆಗಿದ್ದು ಇಷ್ಟೇ. ಇಷ್ಟೇ ಎನ್ನುವುದಕ್ಕೂ ನಾಲಿಗೆ ಏಳುವುದಿಲ್ಲ. ಗಥೋನಿಗೆ ಮದುವೆಗೆ ಮೊದಲೇ ಬಸಿರು ನಿಂತಿತ್ತು, ನಾಲ್ಕನೆಯ ತಿಂಗಳಲ್ಲಿ ಹೋಯಿತು. ಹೇಳಿಕೊಂಡಿದ್ದು ತಾಯಿಗೆ ಮಾತ್ರ. ಎರಡು ದಿನ ಗೋಡೆಗೆ ಮುಖಮಾಡಿ ಮಲಗಿದ್ದ ಹುಡುಗಿ ಮೂರನೆಯ ದಿನ ಎದ್ದು ಕೂತು, "ಅಮ್ಮಾ, ಟೀ ಕೊಡ್ತೀಯಾ?" ಎಂದಳು. ತಾಯಿ ಒಲೆಯ ಮುಂದೆ ಕೂತು ಬಿಕ್ಕಿಬಿಕ್ಕಿ ಅತ್ತಳು. ಮೂರನೆಯ ದಿನ! ಆ ಮಾತು ಅವಳ ಎದೆಯಲ್ಲಿ ಗಂಟೆಯ ಹಾಗೆ ಮೊಳಗಿತು. ಕರ್ತ ಜೀವಂತ ಎದ್ದು, ಅವನ ಸಮಾಧಿಯ ಕಲ್ಲು ಉರುಳಿದ್ದೂ ಮೂರನೆಯ ದಿನವೇ ಅಲ್ಲವೇ?

ಗುರುವಾರ ಅದನ್ನು ಕೂಟದಲ್ಲಿ ಹೇಳಿಬಿಟ್ಟಳು. 'ಒಂದು ಮನೆಯಲ್ಲಿ ಒಬ್ಬ ಮಗಳು' ಎಂದು ಹೇಳಿದಳೇ ಹೊರತು ಹೆಸರೆತ್ತಲಿಲ್ಲ.

"ಹೆಸರು ಹೇಳಿಲ್ವಂತೆ! ನಿನಗೆಷ್ಟು ಜನ ಹೆಣ್ಣುಮಕ್ಕಳಮ್ಮಾ?" ಎಂದು ಗಥೋನಿ ಕೇಳಿದ್ದಳು. "ಟೀ ಎಲೆ ತೂಗಿಸೋಕೆ ಹೋದ್ರೆ ಕಂಡಕಂಡವರೆಲ್ಲ ಕೈ ಹಿಡ್ಕೊಂಡು 'ಧೈರ್ಯ ತಗೋ ಮಗಳೇ' ಅಂತಾರೆ. ನಾನೇನು ಊರ ಬಾವೀನಾ, ಎಲ್ಲರೂ ಬಗ್ಗಿ ನೋಡೋಕೆ?"

ಮದುವೆಯ ಮಾತಿಗೆ ಬರಬೇಕಿದ್ದ ಗಂಡಿನ ಕಡೆಯವರು ಬರಲಿಲ್ಲ. ಯಾಕೆಂದು ಹೇಳಿಯೂ ಕಳಿಸಲಿಲ್ಲ.

ವಮೈಥಾ ಬಾಯಿಬಡುಕಿಯಲ್ಲ. ಆ ಗುರುವಾರ ಅವಳ ಮಾತು ಕೇಳಿ ಕೂಟದ ಅಧ್ಯಕ್ಷೆ ನ್ಯಗುಥೀ, ಕಲ್ಲಿನಂಥ ಹೆಂಗಸು, ಮೂವತ್ತು ವರ್ಷದ ಹಿಂದೆ ತನ್ನ ಹೊಟ್ಟೆಯಲ್ಲೇ ತೀರಿಹೋದ ಎರಡು ಕೂಸುಗಳ ವಿಷಯವನ್ನು ಮೊದಲ ಸಲ ಬಾಯಿಬಿಟ್ಟು ಹೇಳಿ ಗೋಳೋ ಎಂದು ಅತ್ತಿದ್ದಳು. ಅದು ಸುಳ್ಳೇ? ಆ ಹೆಂಗಸಿನ ಎದೆಯ ಭಾರ ಇಳಿದಿದ್ದು ಸುಳ್ಳೇ? ಚಿಗುರು ಕೀಳುವಾಗ, ಸಗಣಿ ಬಾಚುವಾಗ, ವಮೈಥಾ ಇದನ್ನೇ ಕೇಳಿಕೊಳ್ಳುತ್ತಿದ್ದಳು. 

ಈ ವಾರದ ಕೂಟ ಅವಳ ಮನೆಯಲ್ಲೇ ಇತ್ತು. ಬುಧವಾರ ಸಂಜೆ ಅವಳು ಬುಟ್ಟಿ ಇಳಿಸಿ ಒಳಗೆ ಬಂದರೆ ಗಥೋನಿ ಅಡುಗೆಮನೆಯಲ್ಲಿ ನಿಂತಿದ್ದಳು. ಕೈಯಲ್ಲಿ ನೀಲಿ ನೋಟ್‌ಬುಕ್ಕು.

"'ಮಗಳು ಮುಟ್ಟದ ಬಟ್ಟಲು,'" ಎಂದು ಗಥೋನಿ ಶಾಲೆಯಲ್ಲಿ ಪಾಠ ಓದುವ ಹಾಗೆ ಓದಿದಳು. "'ದಿನವೂ ತುಂಬಿಡುತ್ತೇನೆ, ದಿನವೂ ತಣ್ಣಗಾಗುತ್ತದೆ. ಕರ್ತನ ಕೃಪೆಯನ್ನು ನಾವೂ ಹೀಗೆಯೇ ಕಿಟಕಿಯಲ್ಲಿ ಬಿಟ್ಟು ಹೋಗುತ್ತೇವೆ.' ಚೆನ್ನಾಗಿದೆ ಅಮ್ಮಾ. ನನ್ನ ಸಿಟ್ಟೂ ನಿನಗೆ ಪ್ರಸಂಗಕ್ಕೆ ಬಂತು."

"ಅದು... ಸುಮ್ಮನೆ ಬರ್ಕೊಂಡಿದ್ದು ಕಣೇ. ಕೈ ಸುಮ್ಮನಿರಲ್ಲ."

"ನನ್ನನ್ನ ನೋಡಿದ್ರೆ ನಿನಗೆ ನಾನು ಕಾಣ್ತೀನಾ? ಅಥವಾ ಬರೀ ವಚನ ಕಾಣತ್ತಾ?"

ವಮೈಥಾಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

"ನಾಳೆ ಬಾಯಲ್ಲಿ ಇದು ಬಂದ್ರೆ, ಚೀಲ ಕಟ್ಟಿಟ್ಟಿದೀನಿ. ನಕುರುವಿನಲ್ಲಿ ಚಿಕ್ಕಮ್ಮನ ಮನೆ ಇದೆ. ಮತ್ತೆ ಈ ಮೆಟ್ಟಿಲು ಹತ್ತಲ್ಲ." ನೋಟ್‌ಬುಕ್ಕನ್ನು ಒಲೆಗೆ ಹಾಕಬಹುದಿತ್ತು. ಹಾಕಲಿಲ್ಲ, ಹಿಟ್ಟಿನ ಡಬ್ಬದ ಮೇಲಿಟ್ಟು ಹೋದಳು. ಹಾಕಿದ್ದರೇ ಚೆನ್ನಾಗಿತ್ತು ಎಂದು ತಾಯಿಗೆ ಅನ್ನಿಸಿತು.

ಗುರುವಾರ ಹನ್ನೆರಡು ಹೆಂಗಸರು ಬಿಳಿ ತಲೆವಸ್ತ್ರ ಕಟ್ಟಿಕೊಂಡು ಬಂದರು. ಬೇಯಿಸಿದ ಗೆಣಸು, ಕೆಸುವಿನ ಗೆಡ್ಡೆ, ಎರಡು ದೊಡ್ಡ ಫ್ಲಾಸ್ಕು ಟೀ. ಹಾಡಾಯಿತು, ಪ್ರಾರ್ಥನೆಯಾಯಿತು. ಗಥೋನಿಯ ಚೀಲ ಹಿತ್ತಿಲ ಬಾಗಿಲ ಬಳಿ ಕೂತಿತ್ತು.

"ಎದ್ದೇಳೇ ಗಥೋನಿಯ ಅಮ್ಮಾ," ಎಂದಳು ನ್ಯಗುಥೀ ವಮೈಥಾಳಿಗೆ. "ಇವತ್ತು ಪಾತ್ರೆಯೊಳಗೆ ಏನು ಕಂಡೆ, ಹೇಳು."

ವಮೈಥಾ ರಾತ್ರಿಯೇ ನಿರ್ಧಾರ ಮಾಡಿದ್ದಳು: ಎಲ್ಲರೆದುರು ತಪ್ಪೊಪ್ಪಿಕೊಂಡುಬಿಡಬೇಕು. ಎದ್ದು ನಿಂತಳು.

"ಒಂದು ಮನೆಯಲ್ಲಿ ಒಬ್ಬ ತಾಯಿ ಇದ್ದಳು. ದೊಡ್ಡ ತಪ್ಪು ಮಾಡಿದಳು..."

"ಆಮೆನ್," ಎಂದಿತು ಒಂದು ದನಿ. ಯಾರೋ ಕರವಸ್ತ್ರ ಹುಡುಕಿದರು, ಯಾರೋ ಪೆನ್ನಿನ ಮುಚ್ಚಳ ತೆಗೆದರು. ವಮೈಥಾಳ ದನಿ ತಾನಾಗಿಯೇ ತಗ್ಗಿ ಸಿಹಿಯಾಯಿತು. ಹೆಂಗಸರ ಕಣ್ಣು ತುಂಬುವ ಮೊದಲು ಪ್ರತಿ ಸಲವೂ ಹೀಗೇ ಆಗುತ್ತಿತ್ತು. ಆಹಾ, ಎಷ್ಟು ಹಿತವಾಗಿತ್ತು ಅದು! ಅದೇ ಕ್ಷಣ ಬಾಗಿಲಲ್ಲಿ ಫ್ಲಾಸ್ಕು ಹಿಡಿದು ನಿಂತ ಮಗಳ ಮುಖ ಕಂಡಿತು. ಅದರಲ್ಲಿ ಸಿಟ್ಟಿರಲಿಲ್ಲ. ಗೊತ್ತಿತ್ತು ನನಗೆ, ಎನ್ನುವ ದಣಿವು ಮಾತ್ರ ಇತ್ತು.

ವಮೈಥಾ ಬಾಯಿ ಮುಚ್ಚಿದಳು. 

"ಇವತ್ತು ವಚನ ಇಲ್ಲ," ಎಂದಳು. "ಟೀ ಇದೆ, ಕುಡೀರಿ."

"ಅಯ್ಯೋ, ಅರ್ಧಕ್ಕೇ ನಿಲ್ಲಿಸಿದೆಯಲ್ಲೇ! ಆ ತಾಯಿ ಏನು ಮಾಡಿದಳು?" ನ್ಯಗುಥೀ ಬಿಡುವವಳಲ್ಲ.

"ಅದು ಆ ಮನೆಯವರ ಮಾತು."

ಹೆಂಗಸರು ಮುಖ ಮುಖ ನೋಡಿಕೊಂಡರು. ಗೆಣಸು ತಿಂದರು, ಹವಾ ಚೆನ್ನಾಗಿದೆ ಎಂದರು, ಎಂದಿಗಿಂತ ಬೇಗ ಎದ್ದರು. ಮುಂದಿನ ಗುರುವಾರ ಬೇರೆ ಯಾರಾದರೂ ಮಾತಾಡಲಿ ಎಂದು ಅಂಗಳದಲ್ಲಿ ಪಿಸುಗುಟ್ಟಿದ್ದು ವಮೈಥಾಳ ಕಿವಿಗೂ ಬಿತ್ತು. ನೋವಾಯಿತು. ಸಣ್ಣ ನೋವಲ್ಲ.

ಅಡುಗೆಮನೆಯಲ್ಲಿ ಗಥೋನಿ ಬಟ್ಟಲು ತೊಳೆಯುತ್ತಿದ್ದಳು. ತಿರುಗದೆಯೇ ಕೇಳಿದಳು, "ಆಮೇಲೆ ಏನು ಹೇಳೋಳಿದ್ದೆ?"

"ಕ್ಷಮೆ ಕೇಳೋಳಿದ್ದೆ."

"ಅವರ ಹತ್ರನಾ?"

ವಮೈಥಾ ಮಣೆಯ ಮೇಲೆ ಕೂತಳು.  ಕಡೆಗೆ, "ತಪ್ಪಾಯ್ತು ಕಣೇ," ಎಂದಳು. ಅಷ್ಟೇ. ಅದಕ್ಕೆ ಯಾವ ವಚನವನ್ನೂ ಸೇರಿಸಲಿಲ್ಲ.

ಗಥೋನಿ ಫ್ಲಾಸ್ಕಿನ ತಳದಲ್ಲಿ ಉಳಿದಿದ್ದ ಟೀಯನ್ನು ಒಂದು ಬಟ್ಟಲಿಗೆ ಬಗ್ಗಿಸಿದಳು. ಒಂದು ಗುಟುಕು ಕುಡಿದಳು. ಮುಖ ಸಿಂಡರಿಸಿ, "ಸಕ್ಕರೆ ಜಾಸ್ತಿ," ಎಂದು ಮಿಕ್ಕಿದ್ದನ್ನು ತಾಯಿಯ ಮುಂದೆ ತಳ್ಳಿದಳು. ಚೀಲ ಇನ್ನೂ ಬಾಗಿಲ ಬಳಿಯೇ ಇತ್ತು.

ವಮೈಥಾ ಬಟ್ಟಲೆತ್ತಿದಳು. ಒಂದೇ ಬಟ್ಟಲು, ಇಬ್ಬರು. ವಚನ ತಾನಾಗಿ ನಾಲಿಗೆಯ ತುದಿಗೆ ಬಂದು ನಿಂತಿತು, ಎಂಥ ಚೆಂದದ ವಚನ! ಅವಳು ಅದನ್ನು ಟೀಯ ಜೊತೆಗೇ ನುಂಗಿದಳು. ಟೀ ನೆತ್ತಿಗೇರಿ ಕೆಮ್ಮಿದಳು.

"ಏನದು?" ಗಥೋನಿ ಹುಬ್ಬು ಗಂಟಿಕ್ಕಿ ನೋಡಿದಳು.

"ಏನಿಲ್ಲ," ಎಂದಳು ತಾಯಿ. "ಸಕ್ಕರೆ ಜಾಸ್ತಿಯಾಗಿದೆ."